ಕುದುರೆಯ ಔಷಧಿ, ಅತ್ತಿಗೆಯ ತೆಂಗಿನಕಾಯಿ

ನನ್ನ ಗಂಡನ ಹೊಟ್ಟೆಯೊಳಗೆ ಅವರ ಅಕ್ಕನ ಕಿಡ್ನಿ ಇತ್ತು. ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ನನಗೇ ಗೊತ್ತಿಲ್ಲ. ಹಳೇಬೀಡಿನ ನಮ್ಮ ದಿನಸಿ ಅಂಗಡಿಗೆ ಬೆಲ್ಲ ಕೊಳ್ಳಲು ಬಂದವರು ಕೂಡ ಗಲ್ಲಾದ ಹಿಂದೆ ಕೂತ ಅವರನ್ನು ನೋಡಿ, "ಅಕ್ಕ ಅಂದ್ರೆ ಹಂಗಿರ್ಬೇಕು ಕಣ್ರೀ" ಎಂದು ಹೇಳಿಯೇ ಹೋಗುತ್ತಿದ್ದರು. ಪಕ್ಕದಲ್ಲಿ ಬೇಳೆ ಅಳೆಯುತ್ತ ನಿಂತ ನನ್ನ ಕಡೆ ಯಾರ ಕಣ್ಣೂ ಬೀಳುತ್ತಿರಲಿಲ್ಲ. ನಾನು ಬೇಳೆಯನ್ನು ಚೀಲಕ್ಕೆ ಸ್ವಲ್ಪ ಜೋರಾಗಿಯೇ ಸುರಿಯುತ್ತಿದ್ದೆ.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೊಂದು ಒಳ್ಳೆಯ ಹೆಸರು ಹುಡುಕಿ ಇಡುವ ವಯಸ್ಸು ನನ್ನದಲ್ಲ. ಆ ಅಕ್ಕ, ಅಂದರೆ ನನ್ನ ಅತ್ತಿಗೆ, ದೇವರಂಥವರು ಎಂದು ಊರೆಲ್ಲ ಹೇಳುತ್ತಿತ್ತು. ದೇವರಾದರೆ ಬಸದಿಯಲ್ಲಿರಲಿ, ನನ್ನ ಸಂಸಾರದ ನಡುವೆ ಬಂದು ಯಾಕೆ ಕೂರಬೇಕು ಎಂದು ನನಗೆ ಅನಿಸುತ್ತಿತ್ತು. ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ನನ್ನ ತವರು ಬೇಲೂರಿನ ಹತ್ತಿರದ ಬಿಕ್ಕೋಡು. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು, ಆಳುಗಳ ಹಾಜರಿ ಬರೆಯುವ ಕೆಲಸ. ಬೇಲೂರಿಗೆ ಬಸ್ಸಿನಲ್ಲಿ ಓಡಾಡಿಕೊಂಡು ನಾನು ಪಿಯುಸಿ ಮುಗಿಸುವ ಹೊತ್ತಿಗೆ ಹಳೇಬೀಡಿನ ಸಂಬಂಧ ಬಂತು. ಎಪ್ಪತ್ತರ ದಶಕದ ನಡುವಿನ ಮಾತು. ಹುಡುಗನಿಗೆ ತಾಯಿ ತಂದೆ ಇಲ್ಲ, ಅತ್ತೆಯ ಕಾಟವಿಲ್ಲ ಎಂದು ಅಮ್ಮ ಸಮಾಧಾನಪಟ್ಟುಕೊಂಡಳು. ಅತ್ತೆ ಇರಲಿಲ್ಲ, ನಿಜ. ಅತ್ತೆಯ ಜಾಗದಲ್ಲಿ ಅರಸೀಕೆರೆಯ ಅತ್ತಿಗೆ ಇದ್ದರು.

ಅತ್ತಿಗೆ ನನ್ನ ಗಂಡನಿಗಿಂತ ಹತ್ತು ವರ್ಷ ದೊಡ್ಡವರು. ಇವರು ತೊಡೆಯ ಮೇಲಿನ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ಅತ್ತಿಗೆಗೆ ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯೊಂದಿಗೆ ಮದುವೆಯಾದಾಗ ಅವರು ತಮ್ಮನನ್ನೂ ಜೊತೆಗೆ ಕರೆದುಕೊಂಡೇ ಗಂಡನ ಮನೆ ಹೊಕ್ಕರಂತೆ. ಅವರಿಗೆ ಮಕ್ಕಳಾಗಲಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಇವರು ಬೆಳೆದದ್ದೆಲ್ಲ ಆ ಮನೆಯಲ್ಲಿ, ಅಟ್ಟದ ತುಂಬ ಒಣಗುವ ತೆಂಗಿನಕಾಯಿಗಳ ಕೆಳಗೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಮಾಡಿದ ಮೊದಲ ಸಾರನ್ನು ಉಂಡು ಇವರು, "ಚೆನ್ನಾಗೈತೆ, ಅಕ್ಕ ಇದಕ್ಕೆ ಒಂದು ಹಿಡಿ ಕಾಯಿ ಜಾಸ್ತಿ ಹಾಕ್ತಾಳೆ" ಎಂದರು. ನನ್ನ ಹೊಟ್ಟೆಯೊಳಗೆ ಒಲೆ ಹೊತ್ತಿದ್ದು ಆವತ್ತೇ. ಆಮೇಲೆ ಅದಕ್ಕೆ ಸೌದೆ ಒಟ್ಟುವವರಿಗೇನೂ ಕೊರತೆಯಾಗಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ಇವರಿಗೆ ಕಾಯಿಲೆ ಶುರುವಾಯಿತು. ಬೆಳಿಗ್ಗೆ ಏಳುವಾಗ ಮುಖ ಊದಿಕೊಂಡಿರುತ್ತಿತ್ತು. ಸಂಜೆಗೆ ಕಾಲು ಬಾತು ಚಪ್ಪಲಿ ಹತ್ತುತ್ತಿರಲಿಲ್ಲ. ಅನ್ನ ಕಂಡರೆ ವಾಕರಿಕೆ. ಹಾಸನದ ಡಾಕ್ಟರು ಬೆಂಗಳೂರಿಗೆ ಕಳಿಸಿದರು, ಬೆಂಗಳೂರಿನವರು ಎರಡು ಕಿಡ್ನಿಯೂ ಸುರುಟಿ ಹೋಗಿವೆ ಎಂದು ಹೇಳಿ, ಮದರಾಸಿನ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಗ ಬೇರೆಯವರ ಕಿಡ್ನಿ ತೆಗೆದು ಹಾಕುತ್ತಾರೆ ಎಂದರೆ ನಮ್ಮ ಕಡೆ ಯಾರೂ ನಂಬುತ್ತಿರಲಿಲ್ಲ. ಬಸದಿಯ ಮುಂದೆ ಕೂತ ಹಿರಿಯರೊಬ್ಬರು, "ಯಂತ್ರಕ್ಕಾದ್ರೆ ಬಿಡಿಭಾಗ ಹಾಕ್ಬೋದು, ಮನುಷ್ಯಂಗೆ ಹಾಕೋದುಂಟಾ" ಎಂದು ನಕ್ಕಿದ್ದರು.

ಆಸ್ಪತ್ರೆಯಲ್ಲಿ ನಾನೇ ಮೊದಲು ಬಾಯಿಬಿಟ್ಟೆ. ಅಲ್ಲಿ ಮೈಸೂರಿನ ಕಡೆಯ ಒಬ್ಬ ಕಿರಿಯ ಡಾಕ್ಟರು ಇದ್ದರು, ಕನ್ನಡ ಮಾತಾಡುತ್ತಿದ್ದರು. ನಮ್ಮಿಬ್ಬರದೂ ಒಂದೇ ಗುಂಪಿನ ರಕ್ತ ಎಂದು ಪರೀಕ್ಷೆಯಲ್ಲಿ ಗೊತ್ತಾದ ತಕ್ಷಣ ಅವರ ಹಿಂದೆಯೇ ಹೋಗಿ, "ನಂದು ತಗೊಳ್ಳಿ ಡಾಕ್ಟ್ರೇ" ಎಂದೆ.

"ನೀವು ಹೆಂಡ್ತಿ ಅಲ್ವಾಮ್ಮಾ? ರಕ್ತಸಂಬಂಧ ಆಗಲ್ಲ. ಒಡಹುಟ್ಟಿದವರದ್ದಾದ್ರೆ ಹೊಂದ್ಕೊಳ್ಳೋದು ಜಾಸ್ತಿ. ಅವರ ಅಕ್ಕ ಬಂದಿದಾರಲ್ಲ, ನೋಡೋಣ."

ಆ ಡಾಕ್ಟರು ಒಳ್ಳೆಯವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವತ್ತು ಆ ವರಾಂಡದಲ್ಲಿ ನಿಂತು ನನಗೆ ಎಷ್ಟು ಅವಮಾನವಾಯಿತು ಎಂದು ಹೇಳಲಾರೆ. ಇಷ್ಟು ವರ್ಷ ಈ ಮನುಷ್ಯನ ಬಟ್ಟೆ ಒಗೆದು, ವಾಂತಿ ಬಳಿದು, ಕಾಲು ಒತ್ತಿದವಳು ನಾನು. ಈಗ ನಾನು ಹೊರಗಿನವಳು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅತ್ತಿಗೆಯದು ಚೆನ್ನಾಗಿ ಹೊಂದುತ್ತದೆ ಎಂದು ಹೇಳಿದರು. ನನ್ನ ಗಂಡ ಬದುಕುತ್ತಾರೆ ಎಂದು ಕಣ್ಣಲ್ಲಿ ನೀರು ಬಂತು. ಇದೂ ಅವರ ಪಾಲಿಗೇ ಹೋಯಿತಲ್ಲ ಎಂದೂ ಬಂತು. ಯಾವ ಹನಿ ಯಾವುದಕ್ಕೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಆಪರೇಷನ್ ಆಯಿತು. ಇಬ್ಬರ ಶುಶ್ರೂಷೆಯೂ ನನ್ನದೇ. ಗಂಡಸರ ವಾರ್ಡಿನಿಂದ ಹೆಂಗಸರ ವಾರ್ಡಿಗೆ, ಅಲ್ಲಿಂದ ಇಲ್ಲಿಗೆ ಓಡಾಟ. ಅತ್ತಿಗೆಗೆ ಎಚ್ಚರವಾದ ಕೂಡಲೇ, ಹೊಲಿಗೆಯ ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ, "ಅವ್ನಿಗೆ ಮೂತ್ರ ಬಂತೇನೇ?" ಎಂದು ಕೇಳಿದರು. ಬಂದಿತ್ತು. ಬೇಕಾದಷ್ಟು ಬಂದಿತ್ತು. ಅದನ್ನು ಗಾಜಿನ ಜಾಡಿಗೆ ಸುರಿದು, ಗೆರೆ ನೋಡಿ, ನರ್ಸಮ್ಮನಿಗೆ ಹೇಳುವುದು ನನ್ನ ಕೆಲಸ. ದಿನವೂ ಆ ಜಾಡಿಯನ್ನು ಬೆಳಕಿಗೆ ಹಿಡಿದು ನೋಡುವಾಗ ನನಗೆ ಹಬ್ಬದ ಸಂತೋಷ. ಹಿಂದೆಯೇ, ಇದೂ ಅವರ ಕಿಡ್ನಿಯ ಕೈವಾಡವೇ ಅಲ್ಲವೇ ಎಂಬ ಕುಟುಕು.

ಹೊಲಿಗೆ ಬಿಚ್ಚಿದ ಮೇಲೆ ಅತ್ತಿಗೆಯ ಗಂಡ, ನಮ್ಮ ಭಾವ, ಬಂದು ಅವರನ್ನು ಅರಸೀಕೆರೆಗೆ ಕರೆದುಕೊಂಡು ಹೋದರು. ನನಗೆ ಒಳಗೊಳಗೆ ಹಾಯೆನಿಸಿತು. ಇನ್ನು ಸ್ವಲ್ಪ ದಿನ ನಾವಿಬ್ಬರೇ. ಆದರೆ ಅವರು ಹೋದ ವಾರದಲ್ಲೇ ಜಾಡಿಯಲ್ಲಿ ಮೂತ್ರ ಕಡಿಮೆಯಾಗತೊಡಗಿತು. ಜ್ವರ ಬಂತು. ಹೊಸ ಕಿಡ್ನಿ ಇಟ್ಟ ಜಾಗ ಮುಟ್ಟಿದರೆ ಇವರು ಚೀರುವಷ್ಟು ನೋವು. ಊದಿದ ಮುಖ ಮತ್ತೆ ವಾಪಸು ಬಂತು. ಇರುವ ಔಷಧಿಯನ್ನೇ ಹೆಚ್ಚಿಸಿ ಸೂಜಿಯ ಮೇಲೆ ಸೂಜಿ ಕೊಟ್ಟರು, ಪ್ರಯೋಜನವಾಗಲಿಲ್ಲ.

ಒಂದು ಬೆಳಿಗ್ಗೆ ಕಿರಿಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕನ ಕಿಡ್ನೀನ ಇವರ ದೇಹ ಒಪ್ಕೊಳ್ತಾ ಇಲ್ಲಮ್ಮಾ" ಎಂದರು.

ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಆ ಮಾತು ಕಿವಿಗೆ ಬಿದ್ದಾಗ ಮೊದಲು ನನ್ನೊಳಗೆ ಏನೋ ಒಂದು ನಕ್ಕಿತು. ನೋಡಿ, ಅವರ ಮೈಗೂ ಗೊತ್ತಾಗಿದೆ, ಬೇಡವೆನ್ನುತ್ತಿದೆ ಎಂದುಕೊಂಡಿತು. ಮರುಗಳಿಗೆಯಲ್ಲೇ ಅರ್ಥವಾಯಿತು. ಮೈ ಬೇಡ ಎಂದದ್ದು ಅತ್ತಿಗೆಯನ್ನಲ್ಲ, ಬದುಕನ್ನು. ಮುಂದೇನು ದಾರಿ ಎಂದು ಕೇಳಿದೆ.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ನಮ್ಮ ರಕ್ತದಲ್ಲಿ ಕೆಲವು ಬಿಳಿಯ ಕಣಗಳಿವೆ, ನಮ್ಮದು ಯಾವುದು ಹೊರಗಿನದು ಯಾವುದು ಎಂದು ಗುರುತು ಹಿಡಿಯುವುದೇ ಅವುಗಳ ಕೆಲಸ. ಅವು ಅಕ್ಕನ ಕಿಡ್ನಿಯನ್ನು ಹೊರಗಿನದೆಂದು ಕಂಡುಹಿಡಿದು ಮೇಲೆ ಬಿದ್ದಿವೆ. ಅವುಗಳನ್ನು ಅಡಗಿಸಲು ಒಂದು ಹೊಸ ಔಷಧಿ ಇದೆ. ಮನುಷ್ಯರ ಆ ಕಣಗಳನ್ನು ಕುದುರೆಗೆ ಚುಚ್ಚುತ್ತಾರೆ. ಕುದುರೆಯ ಮೈ ಅವುಗಳ ವಿರುದ್ಧ ಪ್ರತಿಕಾಯ ಎಂಬುದನ್ನು ತಯಾರಿಸುತ್ತದೆ. ಆಮೇಲೆ ಕುದುರೆಯ ರಕ್ತ ತೆಗೆದು, ತಿಳಿಯನ್ನು ಬೇರೆ ಮಾಡಿ, ಅದರಿಂದ ಆ ಪ್ರತಿಕಾಯವನ್ನು ಸೋಸಿ ರೋಗಿಗೆ ಏರಿಸುತ್ತಾರೆ.

"ಇನ್ನೂ ಪ್ರಯೋಗದಲ್ಲಿರೋ ಔಷಧಿ ಇದು. ಕೆಲವರಿಗೆ ಹಿಡಿದಿದೆ, ಕೆಲವರಿಗೆ ಹಿಡಿದಿಲ್ಲ. ಮೈಗೆ ಒಗ್ಗದೆ ಇದ್ರೆ ಅಪಾಯನೂ ಇದೆ. ಖಂಡಿತ ಅಂತ ನಾನು ಹೇಳಲ್ಲ. ಕೊಡೋದಾದ್ರೆ ಇವತ್ತೇ ಶುರು ಮಾಡ್ಬೇಕು, ಇಲ್ದಿದ್ರೆ ಈ ಕಿಡ್ನಿ ಉಳಿಯಲ್ಲ" ಎಂದರು.

"ಕುದುರೆ ಸಾಯುತ್ತಾ?" ಎಂದು ನಾನು ಕೇಳಿದೆ. ನಾವು ಜೈನರು. ಜೇನುತುಪ್ಪವನ್ನೂ ಮುಟ್ಟದ ಮನೆ.

"ಸಾಯಲ್ಲ. ಆದ್ರೆ ಚುಚ್ಚೋದು, ರಕ್ತ ತೆಗೆಯೋದು ಇದ್ದೇ ಇದೆ."

ಹಾಸಿಗೆಯಲ್ಲಿದ್ದ ಇವರಿಗೆ ಡಾಕ್ಟರೇ ವಿಷಯ ತಿಳಿಸಿದರು. ಕುದುರೆ ಎಂಬ ಮಾತು ಬಂದಾಗ ಇವರು ಕಣ್ಣು ಮುಚ್ಚಿದರು. ಯಾಕೆಂದು ನನಗೆ ಗೊತ್ತಿತ್ತು. ಹುಡುಗನಾಗಿದ್ದಾಗ ಇವರು ಅರಸೀಕೆರೆ ಸ್ಟೇಷನ್ ಮುಂದೆ ನಿಂತ ಜಟಕಾ ಕುದುರೆಗೆ ಚಾವಟಿಯಿಂದ ತಮಾಷೆಗೆ ಹೊಡೆದಿದ್ದರಂತೆ. ಅತ್ತಿಗೆ ಕಿವಿ ಹಿಡಿದು ಬಸದಿಗೆ ಎಳೆದುಕೊಂಡು ಹೋಗಿ, ಸ್ವಾಮಿಯ ಮುಂದೆ ನಿಲ್ಲಿಸಿ, ನನಗಾಗಿ ಯಾವ ಪ್ರಾಣಿಯನ್ನೂ ನೋಯಿಸುವುದಿಲ್ಲ, ನೋಯಿಸಿ ತಂದದ್ದನ್ನು ಮುಟ್ಟುವುದಿಲ್ಲ ಎಂದು ನಿಯಮ ಮಾಡಿಸಿದ್ದರು. ನಮ್ಮಲ್ಲಿ ನಿಯಮ ಎಂದರೆ ಹುಡುಗಾಟವಲ್ಲ. ಸ್ವಾಮಿಯ ಮುಂದೆ ಒಮ್ಮೆ ಬಿಟ್ಟೆ ಎಂದರೆ ಬಿಟ್ಟ ಹಾಗೆಯೇ.

"ಅಕ್ಕನ್ನ ಕೇಳು. ನಿಯಮ ಕೊಟ್ಟೋಳು ಅವ್ಳು. ಅವ್ಳು ಹೂಂ ಅಂದ್ರೆ ಆಗ್ಲಿ" ಎಂದರು.

"ನಾನು ಇಲ್ಲೇ ಇದೀನಲ್ರೀ" ಎಂದೆ.

"ಅಕ್ಕನ್ನ ಕೇಳೇ" ಎಂದು ಮತ್ತೆ ಅದನ್ನೇ ಹೇಳಿ ಗೋಡೆಯ ಕಡೆ ತಿರುಗಿಕೊಂಡರು.

ಆಸ್ಪತ್ರೆಯ ಎದುರಿನ ಪೋಸ್ಟಾಫೀಸಿಗೆ ಓಡಿ ಅರಸೀಕೆರೆಗೆ ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿದೆ. ಫೋನು ಇದ್ದದ್ದು ಅತ್ತಿಗೆಯ ಮನೆಯ ಕೆಳಗೆ, ಭಾವನ ಕೊಬ್ಬರಿ ಮಂಡಿಯಲ್ಲಿ. ಲೈನು ಸಿಗುವ ತನಕ ಬೆಂಚಿನ ಮೇಲೆ ಕೂರಬೇಕು. ಆ ಬೆಂಚಿನ ಮೇಲೆ ಕೂತಷ್ಟು ಹೊತ್ತೂ ನನ್ನೊಳಗೆ ಕುದಿಯಿತು. ಮೊದಲ ಸಾರಿನಿಂದ ಹಿಡಿದು ಎಲ್ಲವೂ ನೆನಪಿಗೆ ಬಂತು. ಸಾಕಿದ್ದು ಅವರು. ಕಿಡ್ನಿ ಕೊಟ್ಟದ್ದು ಅವರು. ಈಗ ಇವರು ಬದುಕಬೇಕೋ ಬೇಡವೋ ಎಂದು ಅಪ್ಪಣೆ ಕೊಡಬೇಕಾದವರೂ ಅವರೇ. ನಾನು ಈ ಮನೆಗೆ ಬಂದದ್ದು ಜಾಡಿ ತೊಳೆಯುವುದಕ್ಕಾ?

"ಅರಸೀಕೆರೆ ಲೈನ್ ಬಂತು, ಮಾತಾಡಿ" ಎಂದು ಅಲ್ಲಿಯವನು ತಮಿಳಿನಲ್ಲಿ ಕೂಗಿದ. ರಿಸೀವರ್ ಕಿವಿಗಿಟ್ಟುಕೊಂಡೆ.

ಮಂಡಿಯ ಗುಮಾಸ್ತನ ಧ್ವನಿ. "ಹಲೋ, ಯಾರ್ರೀ? ಆಸ್ಪತ್ರೆಯಿಂದ್ಲಾ? ಇರಿ ಇರಿ, ಅಮ್ಮಾವ್ರು ಅಟ್ಟದ ಮ್ಯಾಲವ್ರೆ, ಕರೀತೀನಿ. ಅಮ್ಮಾವ್ರೇ, ಟ್ರಂಕ್ ಕಾಲ್ ಬಂದೈತೆ."

ಅಷ್ಟು ದೂರದಿಂದಲೂ ಅಟ್ಟದ ಮೇಲೆ ಕಾಯಿಗಳು ಒಂದಕ್ಕೊಂದು ತಾಗುವ ಸದ್ದು ನನಗೆ ಕೇಳಿಸಿತು. ಏಣಿಯ ಮೇಲೆ ಹೆಜ್ಜೆ ಕೇಳಿಸಿತು. ಇನ್ನೊಂದು ಗಳಿಗೆಗೆ ಅವರ "ಏನೇ?" ಎಂಬ ಮಾತು ಬರುತ್ತಿತ್ತು. ನನ್ನ ಗಂಡನ ಜೀವವನ್ನು ನಾನು ಅತ್ತಿಗೆಯ ಹತ್ತಿರ ಬೇಡುವುದಿಲ್ಲ ಎಂದುಕೊಂಡೆ. ರಿಸೀವರ್ ಇಟ್ಟುಬಿಟ್ಟೆ. ಲೈನು ಕಟ್ಟಾಗಲಿಲ್ಲ, ನಾನೇ ಇಟ್ಟೆ.

ವಾರ್ಡಿಗೆ ಬಂದು, "ಅಕ್ಕ ಹೂಂ ಅಂದ್ರು" ಎಂದೆ.

ಅಷ್ಟಕ್ಕೆ ಬಿಡುವ ಮನುಷ್ಯರೇ ಇವರು? "ಏನಂದ್ಲು? ಹೆಂಗಂದ್ಲೋ ಹಂಗೇ ಹೇಳು" ಎಂದರು. ಅತ್ತಿಗೆ ಏನೆನ್ನುತ್ತಿದ್ದರು ಎಂದು ಯೋಚಿಸಿ ಅವರ ಧಾಟಿಯಲ್ಲೇ ಮಾತು ಕಟ್ಟಬೇಕಾಯಿತು. "'ಮೊದ್ಲು ಜೀವ ಉಳೀಲಿ, ಮಿಕ್ಕಿದ್ದನ್ನ ನಾನು ಸ್ವಾಮಿ ಮುಂದೆ ನೋಡ್ಕೋತೀನಿ' ಅಂದ್ರು" ಎಂದೆ. ಇವರ ಮುಖದ ಮೇಲಿನ ಗಂಟು ಸಡಿಲವಾಯಿತು. "ಅಕ್ಕ ಅಂದ್ರೆ ಅಕ್ಕನೇ" ಎಂದರು. ಆ ಮಾತು ನನ್ನದು, ಧೈರ್ಯ ನನ್ನದು, ಕೊನೆಗೆ ಹೊಗಳಿಕೆ ಮಾತ್ರ ಅರಸೀಕೆರೆಗೆ ಹೋಯಿತು. ಹಲ್ಲು ಕಚ್ಚಿಕೊಂಡು ಡಾಕ್ಟರು ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ.

ಮೊದಲು ಮುಂಗೈ ಚರ್ಮದ ಕೆಳಗೆ ಒಂದು ಹನಿ ಚುಚ್ಚಿ, ಗಂಧೆ ಏಳುತ್ತದೋ ಎಂದು ನೋಡಿದರು. ಏಳಲಿಲ್ಲ. ಆಮೇಲೆ ಬಾಟಲಿಯಿಂದ ತೊಟ್ಟು ತೊಟ್ಟಾಗಿ ಏರಿಸಿದರು. ನೋಡಿದರೆ ತಿಳಿನೀರು. ಇದರೊಳಗೆ ಕುದುರೆ ಎಲ್ಲಿದೆ ಎಂದು ನಾನು ಹುಡುಕುತ್ತಿದ್ದೆ. ಸ್ವಲ್ಪ ಹೊತ್ತಿಗೆ ಇವರಿಗೆ ಚಳಿ ಹತ್ತಿ ಮಂಚವೇ ಅಲುಗಾಡುವಷ್ಟು ನಡುಗತೊಡಗಿದರು. ಕಂಬಳಿಯ ಮೇಲೆ ಕಂಬಳಿ ಹೊದಿಸಿದೆವು. ಜ್ವರ ಏರಿತು, ಮಾತು ತೊದಲಿತು. ನಾನು ಅವರ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಅವರು ನನ್ನ ಕೈಯನ್ನು ಬಿಗಿಯಾಗಿ ಅಮುಕಿ, "ಅಕ್ಕಾ" ಎಂದು ಕರೆದರು. ಒಮ್ಮೆಯಲ್ಲ, ಜ್ವರ ಇಳಿಯುವ ತನಕ ಕರೆದರು. ನಾನು ಕೈ ಬಿಡಲಿಲ್ಲ. ಬಿಡಬೇಕೆಂದು ಅನಿಸಿತ್ತು ಎನ್ನುವುದೂ ಸುಳ್ಳಲ್ಲ.

ದಿನ ಬಿಟ್ಟು ದಿನ ಅದೇ ಬಾಟಲಿ, ಅದೇ ನಡುಕ. ಕೊನೆಕೊನೆಗೆ ಮೈಯೆಲ್ಲ ದದ್ದು ಎದ್ದಿತು, ಕೀಲುಗಳು ಹಿಡಿದುಕೊಂಡವು. ಕುದುರೆಯ ರಸಕ್ಕೆ ಮೈ ತೋರಿಸುವ ಮುನಿಸು ಇದು, ಹೋಗುತ್ತದೆ ಎಂದರು ಡಾಕ್ಟರು. ಅಷ್ಟರಲ್ಲಿ ಒಂದು ಬೆಳಿಗ್ಗೆ ನಾನು ಜಾಡಿಗೆ ಸುರಿದದ್ದು ನಿನ್ನೆಯ ಗೆರೆಯನ್ನು ದಾಟಿತು. ಮರುದಿನ ಇನ್ನೂ ಮೇಲೆ ಹೋಯಿತು. ನರ್ಸಮ್ಮ ಬಂದು ನೋಡಿ ನನ್ನ ಬೆನ್ನು ತಟ್ಟಿದಳು. ಗುರುತು ಹಿಡಿಯುವ ಕಣಗಳು ಅಡಗಿವೆ, ಅವರ ಮೈ ಅಕ್ಕನ ಕಿಡ್ನಿಯನ್ನು ತನ್ನದೆಂದೇ ತಿಳಿದು ಸುಮ್ಮನಾಗಿದೆ ಎಂದರು ಡಾಕ್ಟರು. ನನಗೂ ಅಂಥದೊಂದು ಬಾಟಲಿ ಏರಿಸಿದ್ದರೆ ಒಳ್ಳೆಯದಿತ್ತೇನೋ. ಅದನ್ನು ಯಾವ ಕುದುರೆಯಿಂದ ತೆಗೆಯುತ್ತಿದ್ದರೋ ಕಾಣೆ.

ತಿಂಗಳುಗಳಾದ ಮೇಲೆ ಊರ ಕಡೆ ಹೊರಟೆವು. ಬೆಂಗಳೂರಿನಿಂದ ಅರಸೀಕೆರೆಗೆ ರೈಲು. ಸ್ಟೇಷನ್ನಿನಿಂದ ಹೊರಗೆ ಬಂದವರೇ ಇವರು ಜಟಕಾ ಸ್ಟ್ಯಾಂಡಿನ ಹತ್ತಿರ ನಿಂತುಬಿಟ್ಟರು. ಜಟಕಾದವನ ಕೈಗೆ ದುಡ್ಡು ಕೊಟ್ಟು ಹುರುಳಿ ತರಿಸಿ, ಬಡಕಲು ಕುದುರೆಯೊಂದರ ಬಾಯಿಗೆ ಬೊಗಸೆಯಲ್ಲೇ ಹಿಡಿದರು. ಅದರ ಹಣೆ ನೇವರಿಸುತ್ತ ಏನೋ ಹೇಳಿಕೊಂಡರು. ಬಿಸಿಲಲ್ಲಿ ಟ್ರಂಕು ಕಾಯುತ್ತ ನಿಂತಿದ್ದ ನಾನು, ಸರಿ, ಇನ್ನು ಇದೊಂದು ಬಾಕಿಯಿತ್ತು ಎಂದುಕೊಂಡೆ.

ಡಾಕ್ಟರಿಗೂ ರೈಲಿಗೂ ಹತ್ತಿರವಾಗಲಿ ಎಂದು ಸ್ವಲ್ಪ ದಿನ ಅತ್ತಿಗೆಯ ಮನೆಯಲ್ಲೇ ಉಳಿಯುವುದೆಂದಾಗಿತ್ತು. ಮನೆಯ ತುಂಬ ನೆಂಟರು. ಅತ್ತಿಗೆ ಸೊರಗಿಹೋಗಿದ್ದರು, ಆದರೆ ಓಡಾಟ ಹಾಗೆಯೇ ಇತ್ತು. ಹೊತ್ತು ಮುಳುಗುವ ಮೊದಲೇ ಎಲ್ಲರಿಗೂ ಊಟಕ್ಕೆ ಹಾಕಿದರು. ಊಟದ ನಡುವೆ ಇವರು ತಲೆಯೆತ್ತಿ, ಎಲ್ಲರ ಎದುರಿಗೆ ಹೇಳಿಯೇಬಿಟ್ಟರು.

"ಅಕ್ಕ, ನೀನು ಆವತ್ತು ಫೋನಲ್ಲಿ ಹೂಂ ಅಂದಿದ್ದಕ್ಕೆ ನಾನು ಉಳ್ಕೊಂಡೆ. 'ಮೊದ್ಲು ಜೀವ ಉಳೀಲಿ, ಮಿಕ್ಕಿದ್ದನ್ನ ನಾನು ಸ್ವಾಮಿ ಮುಂದೆ ನೋಡ್ಕೋತೀನಿ' ಅಂದ್ಯಂತಲ್ಲ, ಅದೊಂದು ಮಾತೇ ನಂಗೆ ಸಾಕಾಯ್ತು. ಇಲ್ದಿದ್ರೆ ಆ ಕುದುರೆ ಔಷಧಿ ನಾನು ಮುಟ್ತಿರ್ಲಿಲ್ಲ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅತ್ತಿಗೆ ಸಾರಿನ ಸೌಟು ಹಿಡಿದು ನಿಂತಿದ್ದರು. ಅವರು ತಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಈಗ ಅತ್ತಿಗೆ ಬಾಯಿಬಿಟ್ಟರೆ ನನ್ನ ಗತಿ ಏನು ಎಂದುಕೊಂಡೆ. ಇಷ್ಟು ಜನರ ಎದುರಿಗೆ ಸುಳ್ಳುಗಾತಿ ಎನಿಸಿಕೊಳ್ಳುವುದಿರಲಿ, ಇವರು ನಿಯಮ ಮುರಿದೆನೆಂಬ ಸಂಕಟದಲ್ಲೇ ಮತ್ತೆ ಹಾಸಿಗೆ ಹಿಡಿಯುತ್ತಿದ್ದರು.

"ಹೂಂ ಕಣೋ, ಅಂದಿದ್ದೆ. ಈಗ ಉಣ್ಣು" ಎಂದು ಅತ್ತಿಗೆ ಅವರ ಎಲೆಗೆ ಸಾರು ಬಡಿಸಿದರು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಅವರು ಬಸದಿಗೆ ಹೋದರು. ವಾಪಸು ಬಂದು ಭಾವನಿಗೆ, "ಕುದುರೆ ನೋಯಿಸಿದ್ದಕ್ಕೆ ಪ್ರಾಯಶ್ಚಿತ್ತ ಆಗ್ಬೇಕಲ್ಲ. ಇದ್ದಷ್ಟು ಕಾಲ ನಂಗೆ ತೆಂಗಿನಕಾಯಿ ತ್ಯಾಗ ಅಂತ ಸ್ವಾಮಿ ಮುಂದೆ ಹೇಳಿ ಬಂದೆ" ಎಂದರು. ಅಷ್ಟು ದೊಡ್ಡ ಮಾತನ್ನು ಸಲೀಸಾಗಿ ಹೇಳಿ ಒಳಗೆ ಹೋದರು.

ಅರಸೀಕೆರೆಯಲ್ಲಿ ತೆಂಗಿನಕಾಯಿ ಬಿಡುವುದೆಂದರೆ ಏನೆಂದು ಆ ಸೀಮೆಯವರಿಗೆ ಮಾತ್ರ ಗೊತ್ತು. ಸಾರಿಗೆ ಕಾಯಿ, ಪಲ್ಯಕ್ಕೆ ಕಾಯಿ, ಹಬ್ಬದ ಸಿಹಿಗೆ ಕಾಯಿ, ಬಾಯಾಡಿಸಲು ಬೆಲ್ಲದ ಜೊತೆ ಕೊಬ್ಬರಿ. ಆ ಮನೆಯ ಅಟ್ಟದ ಮೇಲೆ ಸುಲಿಯದ ಕಾಯಿಗಳು ವರ್ಷದ ತನಕ ಒಣಗುತ್ತ, ಒಳಗೇ ಕೊಬ್ಬರಿಯಾಗುತ್ತಿದ್ದವು. ಮನೆಯ ಗಾಳಿಯಲ್ಲೇ ಕೊಬ್ಬರಿಯ ಎಣ್ಣೆಯ ಘಮ. ಅದರ ಕೆಳಗೆ ಕೂತು ಅತ್ತಿಗೆ ತಮಗೊಬ್ಬರಿಗೆ ಬೇರೆ ಸಾರು ಮಾಡಿಕೊಂಡು, ಹುರಿಗಡಲೆ ಹುಣಸೆಯ ಒಣ ಚಟ್ನಿಯಲ್ಲಿ ಊಟ ಮುಗಿಸುತ್ತಿದ್ದರು. ಊರೆಲ್ಲ ಮತ್ತೆ ಹೊಗಳಿತು. ಹಳೇಬೀಡಿಗೆ ಅವರು ಬಂದಾಗ ಬಸ್ತಿಹಳ್ಳಿಯ ಬಸದಿಯಲ್ಲಿ ಹೆಂಗಸರು ಕಾಲಿಗೆ ಬಿದ್ದರು. ಅಲ್ಲಿನ ನುಣುಪು ಕಂಬಗಳಲ್ಲಿ ಎದುರು ನಿಂತವರ ರೂಪ ಸೊಟ್ಟಗೆ ಕಾಣುತ್ತದೆ. ಒಂದರಲ್ಲಿ ನಾನು ಅತ್ತಿಗೆಯ ಹಿಂದೆ, ಅವರ ಚೀಲ ಹಿಡಿದು, ಗಿಡ್ಡಗೆ ಕಂಡೆ.

ವರ್ಷಗಳು ಹೋದವು. ಇವರು ಅಂಗಡಿಯಲ್ಲಿ ಕೂರುವಷ್ಟಾದರು. ದಿನಾ ಮಾತ್ರೆ ತಪ್ಪಿಸುವಂತಿರಲಿಲ್ಲ, ಮಾತ್ರೆ ಕೊಡುವವಳು ನಾನು. ಹಾಗಲಕಾಯಿ ಕಂಡರಾಗದ ಮನುಷ್ಯ ಈಗ ಅದನ್ನೇ ಕೇಳಿ ಮಾಡಿಸಿಕೊಂಡು ತಿನ್ನತೊಡಗಿದರು. ಹಾಗಲಕಾಯಿ ಅತ್ತಿಗೆಗೆ ಪ್ರಾಣ. ಕಿಡ್ನಿಗೆ ನಾಲಗೆ ಇಲ್ಲ ಎಂದು ಡಾಕ್ಟರು ನಕ್ಕರೂ ನನ್ನ ಅನುಮಾನ ಹೋಗಲಿಲ್ಲ. ಇವೆಲ್ಲವನ್ನೂ ನಾನು ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದೆ ಗಂಟಲಲ್ಲಿ ನಿಂತದ್ದು ತೆಂಗಿನಕಾಯಿ. ಕುದುರೆಯ ಔಷಧಿಗೆ ಹೂಂ ಅಂದದ್ದು ನಾನು, ಸಹಿ ಹಾಕಿದ್ದು ನಾನು. ಪಾಪವಿದ್ದರೆ ಅದು ನನ್ನದು, ಪ್ರಾಯಶ್ಚಿತ್ತವೂ ನನ್ನದೇ. ನಾನು ಕಟ್ಟಿದ ಮಾತನ್ನು ತಾವು ಆಡಿದ್ದೆಂದು ಒಪ್ಪಿಕೊಂಡು, ಅದರ ಹೊರೆಯನ್ನೂ ಹೊತ್ತು, ಅದರ ಹೆಸರನ್ನೂ ಪಡೆದದ್ದು ಅವರು. ನನಗಾಗಿ ಏನನ್ನೂ ಬಿಡದ ಹೆಂಗಸು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆ, ಅಟ್ಟದ ಕಾಯಿ ಇಳಿಸುವ ಕಾಲಕ್ಕೆ ನಾನು ಅರಸೀಕೆರೆಗೆ ಹೋಗಿದ್ದೆ. ಇವರು ಭಾವನ ಜೊತೆ ಮಂಡಿಯಲ್ಲಿದ್ದರು. ಹಿತ್ತಲಿನಲ್ಲಿ ಆಳುಗಳು ಕಾಯಿ ಸುಲಿದು, ಚಿಪ್ಪು ಒಡೆದು, ಗುಂಡು ಕೊಬ್ಬರಿಯನ್ನು ರಾಶಿ ಹಾಕುತ್ತಿದ್ದರು. ಅತ್ತಿಗೆ ಒಂದೊಂದೇ ಎತ್ತಿ, ಮೂಸಿ ನೋಡಿ, ಕೆಟ್ಟದ್ದನ್ನು ಬೇರೆ ಇಡುತ್ತಿದ್ದರು. ಒಡೆದ ಒಂದು ಚೂರು ಅಭ್ಯಾಸಬಲದಿಂದ ಅವರ ಬಾಯಿಯ ತನಕ ಹೋಯಿತು. ತುಟಿಗೆ ತಾಗುವ ಮೊದಲೇ ನೆನಪಾಗಿ ಅದನ್ನು ಕೆಳಗಿಟ್ಟರು. ಅದನ್ನು ಕಂಡು ನನ್ನ ಸಹನೆ ತಪ್ಪಿತು.

"ಅತ್ತಿಗೆ, ಸಾಕು ಮಾಡಿ" ಎಂದೆ. "ಅದು ನಂದು. ನಾನು ನಿಮ್ಮನ್ನ ಕೇಳೇ ಇಲ್ಲ. ಫೋನ್ ಇಟ್ಟೋಳು ನಾನು, ಸುಳ್ಳು ಹೇಳ್ದೋಳು ನಾನು. ನಿಮಗೂ ಗೊತ್ತು. ನನ್ನ ಪ್ರಾಯಶ್ಚಿತ್ತನೂ ನೀವೇ ಮಾಡ್ಬೇಕಾ? ಒಂದಾದ್ರೂ ನಂಗೆ ಬಿಡಬಾರ್ದಾ?"

ಅವರು ಕೊಬ್ಬರಿ ಮೂಸುವುದನ್ನು ನಿಲ್ಲಿಸಲಿಲ್ಲ. "ಗೊತ್ತಿಲ್ದೆ ಏನು. ಕಾಲ್ ಬಂತು ಅಂತ ಏಣಿಯಿಂದ ಇಳಿದು ಓಡಿ ಬಂದೆ. ಫೋನ್ ತಗೊಂಡ್ರೆ ಸದ್ದಿಲ್ಲ. ಮತ್ತೆ ಬರುತ್ತೆ ಅಂತ ಸಂಜೆವರ್ಗೂ ಅಲ್ಲೇ ಕೂತಿದ್ದೆ. ಅವನು ಹೋಗ್ಬಿಟ್ಟ ಅಂತ್ಲೇ ತಿಳ್ಕೊಂಡಿದ್ದೆ ಕಣೆ."

ಆ ಸಂಜೆಯ ಬಗ್ಗೆ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

"ಆಮೇಲೆ ನಿಮ್ಮ ಭಾವ ತಂತಿ ಕೊಟ್ಟು ವಿಚಾರಿಸಿದ್ರು. ಹೊಸ ಔಷಧಿ ಶುರು ಮಾಡವ್ರೆ ಅಂತ ಗೊತ್ತಾಯ್ತು. ಎಂಥ ಔಷಧಿ ಅಂತ ನೀವು ಬಂದ್ಮೇಲೆ ಅವ್ನ ಬಾಯಲ್ಲೇ ಕೇಳಿದ್ದು, ಊಟಕ್ಕೆ ಹಾಕುವಾಗ."

"ಮತ್ತೆ ಆವಾಗ್ಲೇ ಹೇಳ್ಬಹುದಿತ್ತು, ನಾನು ಹೂಂ ಅಂದಿಲ್ಲ ಅಂತ."

ಆಗ ಅವರು ಕೈಯಲ್ಲಿದ್ದ ಕೊಬ್ಬರಿ ಕೆಳಗಿಟ್ಟು ನನ್ನ ಮುಖ ನೋಡಿದರು.

"ನೀನು ಕೇಳಿದ್ದಿದ್ರೆ ನಾನು ಬೇಡ ಅಂತಿದ್ದೆ" ಎಂದರು. "ಕುದುರೆ ರಕ್ತ ಅಂದಿದ್ರೆ ಖಂಡಿತ ಬೇಡ ಅಂತಿದ್ದೆ. ನಿಯಮ ಕೊಟ್ಟೋಳು ನಾನು. ನಂಗೆ ಬೇರೆ ಮಾತೇ ಬರ್ತಿರ್ಲಿಲ್ಲ. ಅವನೂ ಅದನ್ನೇ ಹಿಡ್ಕೊಂಡು ಹೋಗ್ಬಿಡ್ತಿದ್ದ. ನಾನೇ ಕಿಡ್ನಿ ಕೊಟ್ಟು ನಾನೇ ಕಳೀತಿದ್ದೆ. ಆವತ್ತು ಸೌಟು ಹಿಡ್ಕೊಂಡು ನಿಂತಾಗ ಅದು ಗೊತ್ತಾಯ್ತು. ಕಾಯಿ ಬಿಟ್ಟಿರೋದು ಕುದುರೆಗಲ್ಲ ಕಣೆ, ನಾನು ಅಂತಿದ್ದ ಆ 'ಬೇಡ'ಕ್ಕೆ."

ಹಿತ್ತಲಿನಲ್ಲಿ ಚಿಪ್ಪು ಒಡೆಯುವ ಸದ್ದು ನಡೆದೇ ಇತ್ತು. ನನ್ನ ಹೊಟ್ಟೆಕಿಚ್ಚು ಒಂದು ಗಳಿಗೆ ದಿಕ್ಕು ತಪ್ಪಿ ನಿಂತಿತು. ಆವತ್ತು ನಾನು ರಿಸೀವರ್ ಇಟ್ಟದ್ದು ಧರ್ಮ ತಿಳಿದಲ್ಲ, ಔಷಧಿ ತಿಳಿದಲ್ಲ. ಈ ಹೆಂಗಸಿನ ಮೇಲಿನ ಉರಿಗೆ ಇಟ್ಟೆ. ಆ ಉರಿ ಇಲ್ಲದಿದ್ದರೆ ನಾನೂ ಒಳ್ಳೆಯ ಸೊಸೆಯ ಹಾಗೆ ಅಪ್ಪಣೆ ಕೇಳುತ್ತಿದ್ದೆ, ಇವರು ಈಗ ಮಂಡಿಯಲ್ಲಿ ಕೂತು ಭಾವನೊಂದಿಗೆ ನಗುತ್ತಿರುತ್ತಿರಲಿಲ್ಲ. ಅದನ್ನು ಅತ್ತಿಗೆಗೆ ಹೇಳೋಣ ಎನಿಸಿತು. ಹೇಳಲಿಲ್ಲ. ಅವರಿಗೆ ಅದೂ ಗೊತ್ತಿತ್ತು ಎಂದು ಈಗ ತೋರುತ್ತದೆ.

"ಏಳು, ಊಟದ ಹೊತ್ತಾಯ್ತು. ಚಟ್ನಿಗೆ ಕಾಯಿ ತುರಿ" ಎಂದು ಅವರು ಸೆರಗು ಕೊಡವಿಕೊಂಡು ಎದ್ದರು.

ನಾನು ತುರಿದೆ. ಎಂದಿನ ಹಾಗೆ ಚಟ್ನಿ ಎರಡು ಬಟ್ಟಲಲ್ಲಿ ಆಯಿತು, ಎಲ್ಲರಿಗೂ ಕಾಯಿ ಹಾಕಿದ್ದು, ಅತ್ತಿಗೆಗೆ ಬರೀ ಹುರಿಗಡಲೆಯದು. ಗಂಡಸರ ಊಟ ಮುಗಿದ ಮೇಲೆ ನಾವಿಬ್ಬರೂ ಅಡಿಗೆಮನೆಯಲ್ಲಿ ಎದುರುಬದುರು ಕೂತೆವು. ನಾನು ಕಾಯಿ ಚಟ್ನಿಯನ್ನು ಪಕ್ಕಕ್ಕೆ ಸರಿಸಿ, ಅವರ ಬಟ್ಟಲಿಗೆ ಕೈ ಹಾಕಲು ಹೋದೆ.

"ಅದು ನಂದು ಕಣೆ" ಎಂದು ಅತ್ತಿಗೆ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡರು.